ಹೆಪ್ಪು ಸತ್ತಿರಲಿಲ್ಲ: ಟೆಂಪೆ ಘಟಕವೊಂದರ ಪ್ರಕರಣ ಅಧ್ಯಯನ

ಬೂಷ್ಟಿನಿಂದ ಹುದುಗುವ ಆಹಾರ ಕೈಕೊಟ್ಟಾಗ ಮೊದಲ ಅನುಮಾನ ಹೆಪ್ಪಿನ ಮೇಲೆ ಬೀಳುತ್ತದೆ. ಹೆಪ್ಪು ಹಳೆಯದಾಗಿದೆ, ಅದರಲ್ಲಿರುವ, ಬೂಷ್ಟು ಹುಟ್ಟಬೇಕಾದ ಬೀಜಕಗಳು ಸತ್ತಿವೆ, ಬೇರೆ ತರಿಸಿ ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಇಲ್ಲಿ ವಿವರಿಸುತ್ತಿರುವ ಘಟಕದಲ್ಲಿ ಬೀಜಕಗಳು ಬದುಕಿದ್ದವು, ಅವುಗಳ ಎಣಿಕೆಯೂ ಸರಿಯಾಗಿತ್ತು. ಆದರೂ ಕಾಳಿನ ಮೇಲೆ ಅವು ಮೊಳೆಯುತ್ತಿರಲಿಲ್ಲ. ಬದುಕಿರುವ ಬೀಜಕ ಮೊಳೆಯಲೇಬೇಕೆಂದಿಲ್ಲ, ಅದಕ್ಕೆ ಹೊರಗಿನಿಂದ ನಿರ್ದಿಷ್ಟ ಆಹಾರ ಸಿಗಬೇಕು. ಈ ಸರಳ ಸಂಗತಿ ಕಣ್ತಪ್ಪಿದಾಗ ಏನೇನಾಗುತ್ತದೆ ಎಂಬುದನ್ನು ಇದೇ ಕೆಲಸದಲ್ಲಿರುವ ಇತರರಿಗಾಗಿ ಬರೆಯುತ್ತಿದ್ದೇನೆ. ಘಟಕದ ಹೆಸರು, ಜಾಗ, ಅಲ್ಲಿನವರ ಗುರುತು ಹೇಳುವ ವಿವರಗಳನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಟೆಂಪೆ ಮೂಲತಃ ಜಾವಾ ದ್ವೀಪದ ಆಹಾರ. ಸೋಯಾ ಕಾಳನ್ನು ನೆನೆಸಿ, ಸಿಪ್ಪೆ ಬಿಡಿಸಿ, ಬೇಯಿಸಿ, ಬಸಿದು, ಆರಿಸಿ, ಅದಕ್ಕೆ ರೈಜೋಪಸ್ ಆಲಿಗೊಸ್ಪೋರಸ್ ಎಂಬ ಬೂಷ್ಟಿನ ಬೀಜಕಗಳನ್ನು ಬೆರೆಸಿ, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಇಡುತ್ತಾರೆ. ಬೀಜಕಗಳು ಮೊಳೆತು ಬಿಳಿಯ ಎಳೆಗಳು ಬೇಳೆಗಳ ಸಂದುಗಳಲ್ಲೆಲ್ಲ ಹಬ್ಬುತ್ತವೆ. ಒಂದು, ಒಂದೂವರೆ ದಿನದಲ್ಲಿ ಚಾಕುವಿನಿಂದ ಹೋಳು ಮಾಡುವಷ್ಟು ಗಟ್ಟಿಯಾದ ಬಿಳಿ ಹಲಗೆ ಸಿದ್ಧವಾಗುತ್ತದೆ.

ಘಟಕ ಚಿಕ್ಕದು. ನಡೆಸುವವರು ಒಬ್ಬ ಮಹಿಳೆ. ಕಾಳು ನೆನೆಸುವ ವಿಭಾಗವನ್ನು ಆರಂಭದಿಂದಲೂ ಒಬ್ಬ ಹಿರಿಯ ಕೆಲಸಗಾರರು ನೋಡಿಕೊಳ್ಳುತ್ತಿದ್ದರು. ಮೊದಲೆಲ್ಲ ಕಾಳನ್ನು ರಾತ್ರಿಯಿಡೀ ಕೋಣೆಯ ಉಷ್ಣತೆಯಲ್ಲೇ ನೆನೆಹಾಕುತ್ತಿದ್ದರು. ಬೆಳಗಾಗುವಷ್ಟರಲ್ಲಿ ನೀರು ಹುಳಿಯಾಗಿ ನೊರೆಯೇಳುತ್ತಿತ್ತು. ವ್ಯಾಪಾರ ಬೆಳೆದಂತೆ ಆ ನೊರೆ, ಆ ವಾಸನೆ ಒಡತಿಗೆ ಇರುಸುಮುರುಸಾಯಿತು. ನೋಡಲು ಬಂದವರಿಗೆ ಅದು ಕೊಳಕಾಗಿ ಕಾಣುತ್ತಿತ್ತು, ದಿನದಿಂದ ದಿನಕ್ಕೆ ಹುಳಿಯ ಮಟ್ಟವೂ ಒಂದೇ ಆಗಿರುತ್ತಿರಲಿಲ್ಲ. ಹೀಗಾಗಿ ಒಂದೊಂದೇ ಬದಲಾವಣೆ ಬಂತು. ಮೊದಲು ನೆನೆಸುವ ಕೆಲಸ ಶೀತಲ ಕೋಣೆಗೆ ಹೋಯಿತು, ನಡುವೆ ನೀರು ಬದಲಿಸುವ ಪದ್ಧತಿ ಸೇರಿತು. ನೀರು ತಿಳಿಯಾಗಿಯೇ ಉಳಿಯಿತು. ಹುಳಿ ಹೋದದ್ದರಿಂದ ಆ ಕೊರತೆ ತುಂಬಲು ಬೇಯಿಸಿ ಬಸಿದ ಬೇಳೆಗೆ ವಿನೆಗರ್ ಚಿಮುಕಿಸತೊಡಗಿದರು. ಆಮೇಲೆ ಸಿಪ್ಪೆ ಬಿಡಿಸುವ ಯಂತ್ರ ಬಂತು, ಕಾಳು ಪೂರ್ತಿ ಇಬ್ಭಾಗವಾಗತೊಡಗಿತು. ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು ಹಾಕಿ ಬೇಯಿಸಿ, ಆ ಕಟ್ಟನ್ನು ಚೆಲ್ಲತೊಡಗಿದರು. ಕೊನೆಯದಾಗಿ, ಬೇಳೆ ಬೇಗ ತಣಿಯಲೆಂದು ಅದನ್ನು ಶುದ್ಧ ತಣ್ಣೀರಿನಲ್ಲಿ ತೊಳೆಯುವ ಕ್ರಮ ಜಾರಿಗೆ ಬಂತು.

ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ತಪ್ಪು ನಿರ್ಧಾರವಲ್ಲ. ಇಂದಿನ ಎಷ್ಟೋ ಟೆಂಪೆ ಪಾಕವಿಧಾನಗಳು ವಿನೆಗರ್ ಹಾಕಲು ಹೇಳುತ್ತವೆ, ಕಟ್ಟು ಚೆಲ್ಲಲು ಹೇಳುತ್ತವೆ. ಬದಲಾವಣೆಗಳು ತಿಂಗಳುಗಳ ಅಂತರದಲ್ಲಿ ಬಂದವು, ಪ್ರತಿಯೊಂದರ ನಂತರವೂ ಟೆಂಪೆ ಹೇಗೋ ಬರುತ್ತಲೇ ಇತ್ತು. ಸ್ವಲ್ಪ ತಡವಾಗುತ್ತಿತ್ತು, ಅಷ್ಟೆ. ತಡವಾದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಮಸ್ಯೆ

ತಣ್ಣೀರಿನಲ್ಲಿ ತೊಳೆಯುವುದು ಶುರುವಾದ ಹೊತ್ತಿನಲ್ಲೇ ಹೆಪ್ಪಿನ ಹೊಸ ಕಂತು ಬಂದಿತ್ತು. ಆಮೇಲೆ ಪೊಟ್ಟಣಗಳು ಕೆಡತೊಡಗಿದವು. 20 ಗಂಟೆ ಕಳೆದರೂ ಬೇಳೆ ಹಾಕಿದಾಗ ಹೇಗಿತ್ತೋ ಹಾಗೆಯೇ ಇರುತ್ತಿತ್ತು, ಬಿಳಿಯ ಸುಳಿವೇ ಇಲ್ಲ. 36 ಗಂಟೆಗೆ ಅಲ್ಲೊಂದು ಇಲ್ಲೊಂದು ಬಿಳಿ ತೇಪೆ ಕಾಣುತ್ತಿತ್ತು. ಉಳಿದ ಕಡೆ ಬೆರಳಿಗೆ ಅಂಟುವ ಲೋಳೆ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ. ಲೋಳೆಯೂ ಅಮೋನಿಯಾವೂ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸಿದ್ದರ ಗುರುತು. ಅವುಗಳ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಬೂಷ್ಟು ಮೊದಲ ಕೆಲವು ಗಂಟೆಗಳಲ್ಲಿ ಕಾಳನ್ನು ಹಿಡಿಯದಿದ್ದರೆ ಅವು ಹಿಡಿಯುತ್ತವೆ. ಟೆಂಪೆಯಲ್ಲಿ ಮೊಳಕೆಯ ವೇಗಕ್ಕೆ ಇಷ್ಟು ಮಹತ್ವ ಬರುವುದು ಇದೇ ಕಾರಣಕ್ಕೆ.

ಹೊಸ ಹೆಪ್ಪು ಮತ್ತು ಹೊಸ ಸೋಲು ಒಟ್ಟಿಗೆ ಬಂದದ್ದರಿಂದ ಆರೋಪ ನೇರವಾಗಿ ಹೆಪ್ಪಿನ ಮೇಲೆ ಹೋಯಿತು. ತಣ್ಣೀರಿನ ತೊಳೆತವೂ ಅದೇ ವಾರ ಶುರುವಾಗಿತ್ತು ಎಂಬುದು ದಾಖಲೆ ಪುಸ್ತಕದಲ್ಲಿ ಬರೆದಿತ್ತು, ಆದರೆ ಸ್ವಚ್ಛತೆಯನ್ನು ಹೆಚ್ಚಿಸಿದ ಕ್ರಮವನ್ನು ಯಾರು ತಾನೇ ಅನುಮಾನಿಸುತ್ತಾರೆ?

ನಾನು ಹೋಗುವ ಮೊದಲು ಮಾಡಿದ ಪ್ರಯತ್ನಗಳು

ಹೆಪ್ಪನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ಮಾಲ್ಟ್ ಸಾರದ (ಮೊಳಕೆ ಬರಿಸಿದ ಬಾರ್ಲಿಯ ರಸ) ಅಗಾರ್ ತಟ್ಟೆಯಲ್ಲಿ, ಎಂದರೆ ಬೂಷ್ಟು ಬೆಳೆಸುವ ಜೆಲ್ಲಿಯಂಥ ಪದಾರ್ಥದ ಮೇಲೆ, ಎಣಿಸಿ, ಜೀವಂತ ಬೀಜಕಗಳು ಸಾಕಷ್ಟಿವೆ ಎಂದು ವರದಿ ಬಂತು. ನಂಬಿಕೆ ಬಾರದೆ ಬೇರೆಯವರಿಂದ ಹೆಪ್ಪು ತರಿಸಿದರು, ಅದೂ ಹಾಗೆಯೇ ವರ್ತಿಸಿತು. ಪ್ರಮಾಣವನ್ನು ಇಮ್ಮಡಿ ಮಾಡಿದಾಗ ತೇಪೆಗಳ ಸಂಖ್ಯೆ ಹೆಚ್ಚಿತೇ ಹೊರತು ಹಲಗೆ ಕೂಡಿಕೊಳ್ಳಲಿಲ್ಲ. ಪ್ರತಿಯೊಂದು ಬೀಜಕಕ್ಕೂ ಇಲ್ಲದ ವಸ್ತು ಬೀಜಕಗಳ ಸಂಖ್ಯೆ ಹೆಚ್ಚಿಸಿದರೆ ಎಲ್ಲಿಂದ ಬರಬೇಕು?

ನಂತರ ಕಾವುಕೋಣೆಯ ಉಷ್ಣತೆಯನ್ನು 37 ಡಿಗ್ರಿಗೆ ಏರಿಸಿದರು. ಲೋಳೆ ಇನ್ನಷ್ಟು ಬೇಗ ಬಂತು. ಲೋಳೆಯನ್ನು ತಡೆಯಲು ವಿನೆಗರ್ ಹೆಚ್ಚಿಸಿದರು. ಈ ನಿರ್ಧಾರಕ್ಕೆ ಒಡತಿಯ ಬಳಿ ಗಟ್ಟಿ ಆಧಾರವೇ ಇತ್ತು. 1984ರಲ್ಲಿ ಮೆಡ್ವಿಡ್ ಮತ್ತು ಗ್ರಾಂಟ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಬೂಷ್ಟಿನ ಬೀಜಕಗಳು ಅತ್ಯುತ್ತಮವಾಗಿ ಮೊಳೆಯುವುದು 42 ಡಿಗ್ರಿ ಉಷ್ಣತೆ ಮತ್ತು 4.0 ಪಿಎಚ್‌ನಲ್ಲಿ. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಆ ಅಧ್ಯಯನವನ್ನು ಓದಿದ್ದ ಅವರು, ಇಷ್ಟು ಹುಳಿಯನ್ನು ಈ ಬೂಷ್ಟು ಇಷ್ಟಪಡುತ್ತದೆ ಎಂದು ಪಿಎಚ್ ಅನ್ನು 4ರ ಹತ್ತಿರಕ್ಕೆ ಇಳಿಸಿದರು. ಲೋಳೆ ಕಡಿಮೆಯಾಯಿತು. ಅದರ ಜೊತೆಗೆ ಇದ್ದಬದ್ದ ಬಿಳಿಯೂ ಹೋಯಿತು. ಎರಡು ದಿನವಾದರೂ ಬೇಳೆ ಬರೀ ಬೇಳೆಯಾಗಿಯೇ ಉಳಿಯಿತು.

ನನ್ನನ್ನು ಕರೆದದ್ದು ಈ ಹಂತದಲ್ಲಿ.

ದಾಖಲೆ ಪುಸ್ತಕದ ಒಂದು ಸಾಲು

ಯಾವ ಘಟಕಕ್ಕೆ ಹೋದರೂ ನಾನು ಮೊದಲು ಕೇಳುವುದು ಕೆಟ್ಟ ದಿನಗಳ ಬಗ್ಗೆಯಲ್ಲ, ಕೆಟ್ಟ ದಿನಗಳ ನಡುವೆ ಬಂದ ಒಳ್ಳೆಯ ದಿನದ ಬಗ್ಗೆ. ಇಲ್ಲಿ ಅಂಥ ದಿನ ಒಂದಿತ್ತು. ಶೀತಲ ಕೋಣೆ ಕೆಟ್ಟು ರಾತ್ರಿಯಿಡೀ ನಿಂತುಹೋಗಿತ್ತು. ಬೆಳಿಗ್ಗೆ ನೋಡಿದರೆ ನೀರು ಹುಳಿ, ಮೇಲೆಲ್ಲ ನೊರೆ. ಒಡತಿ ಆ ಕಾಳನ್ನು ಚೆಲ್ಲಲು ಹೇಳಿದ್ದರು.

‘ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ ಮೇಡಂ. ಮೊದಲೆಲ್ಲ ನೀರು ಹೀಗೇ ಇರುತ್ತಿತ್ತಲ್ಲ ಎಂದು ಬೇಯಿಸಿಬಿಟ್ಟೆ. ಹುಳಿ ಆಗಲೇ ಇತ್ತು, ಅದಕ್ಕೇ ವಿನೆಗರ್ ಹಾಕಲಿಲ್ಲ’ ಎಂದರು ಹಿರಿಯರು.

ಆ ದಿನದ ಟೆಂಪೆ ಗಟ್ಟಿಯಾಗಿ, ಬೆಳ್ಳಗೆ, ಹೊತ್ತಿಗೆ ಸರಿಯಾಗಿ ಬಂದಿತ್ತು. ಪುಸ್ತಕದಲ್ಲಿ ಅವರ ಕೈಬರಹದಲ್ಲಿ ‘ನೀರು ಹುಳಿ, ನೊರೆ. ಹಲಗೆ ಚೆನ್ನಾಗಿದೆ’ ಎಂದಿತ್ತು. ಹೆಪ್ಪು ಅದೇ ‘ಸತ್ತ’ ಕಂತಿನದು. ಅದೃಷ್ಟವೆಂದು ಎಲ್ಲರೂ ಪುಟ ಮಗುಚಿದ್ದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಆ ಸಾಲಿನಲ್ಲೇ ಇತ್ತು. ಹೆಪ್ಪು ಒಂದೇ, ಕೋಣೆ ಒಂದೇ, ಯಂತ್ರ ಒಂದೇ. ಬೇರೆಯಾದದ್ದು ನೆನೆಸಿದ ನೀರಿನೊಳಗೆ ನಡೆದ ಕೆಲಸ ಮತ್ತು ವಿನೆಗರ್ ಇಲ್ಲದಿದ್ದದ್ದು. ಹಾಗಾಗಿ ಬೀಜಕ ಆ ಹೊತ್ತಿನಲ್ಲಿ ಏನನ್ನು ಮುಟ್ಟುತ್ತಿದೆ ಎಂಬುದನ್ನೇ ಪರೀಕ್ಷಿಸಲು ನಿರ್ಧರಿಸಿದೆವು.

ಹನಿಗಳ ಪರೀಕ್ಷೆ

ಪರೀಕ್ಷೆ ಸರಳ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ದ್ರವ, ಅದರಲ್ಲಿ ಬೀಜಕಗಳು, ಮೇಲೆ ತೆಳು ಗಾಜು, ಹನಿ ಆರದಂತೆ ಅಂಚಿಗೆ ವ್ಯಾಸಲೀನ್. ಒದ್ದೆ ಕಾಗದ ಹಾಸಿದ ಮುಚ್ಚಿದ ತಟ್ಟೆಯಲ್ಲಿ ಅವನ್ನು ಬೆಚ್ಚಗಿಟ್ಟು, ಗಂಟೆಗೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹೆಪ್ಪಿನ ಪುಡಿಯಲ್ಲಿ ಬೀಜಕಗಳ ಜೊತೆ ಅಕ್ಕಿ ಹಿಟ್ಟಿರುತ್ತದೆ. ಅದನ್ನು ಹಾಗೆಯೇ ಹಾಕಿದರೆ ಹಿಟ್ಟಿನಲ್ಲಿರುವ ಆಹಾರವೇ ಬೀಜಕಗಳನ್ನು ಎಬ್ಬಿಸಿ ಫಲಿತಾಂಶವನ್ನು ಕೆಡಿಸುತ್ತದೆ. ಆದ್ದರಿಂದ ಬೀಜಕಗಳನ್ನು ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಬಳಸಿದೆವು.

ಬರೀ ನೀರಿನ ಹನಿಯಲ್ಲಿ ಬೀಜಕಗಳು ಬೂದು ಬಣ್ಣದ, ಒರಟು ಮೈಯ ಚಿಕ್ಕ ಕಣಗಳಾಗಿಯೇ ಉಳಿದವು. ಅಡುಗೆ ಸಕ್ಕರೆ ಕರಗಿಸಿದ ಹನಿಯಲ್ಲೂ ಬಹುಪಾಲು ಹಾಗೆಯೇ. ಒಡತಿಗೆ ಇದು ನಂಬಲಾಗದ ಸಂಗತಿಯಾಗಿತ್ತು, ಏಕೆಂದರೆ ಸಕ್ಕರೆ ಬೆರೆಸಿದರೆ ಸರಿಹೋದೀತೇ ಎಂದು ಅವರು ಆಗಲೇ ಯೋಚಿಸಿದ್ದರು. ಗ್ಲೂಕೋಸ್ ಹನಿಯಲ್ಲಿ ಚಿತ್ರ ಬದಲಾಯಿತು. ಬೀಜಕಗಳು ನೀರು ಹೀರಿ ಉಬ್ಬಿ ದುಂಡಗಾದವು, ಗೋಡೆ ನುಣುಪಾಗಿ ಒಳಗಿನ ಕಣಗಳು ಕಾಣುವಷ್ಟು ತಿಳಿಯಾದವು. ಆದರೆ ಹೆಚ್ಚಿನವು ಅಲ್ಲಿಗೇ ನಿಂತವು. ಗ್ಲೂಕೋಸ್ ಜೊತೆಗೆ ಪೆಪ್ಟೋನ್, ಎಂದರೆ ಅಮೈನೋ ಆಮ್ಲಗಳೂ ಪ್ರೋಟೀನಿನ ತುಣುಕುಗಳೂ ಇರುವ ಪುಡಿ, ಸೇರಿಸಿದ ಹನಿಯಲ್ಲಿ ಉಬ್ಬಿದ ಬೀಜಕದ ಒಂದು ಬದಿಯಿಂದ ಮೊದಲು ಚಿಕ್ಕ ಗುಬುಟು, ಆಮೇಲೆ ಉದ್ದನೆಯ ನಾಳ ಹೊರಟಿತು. ಹಲವು ಬೀಜಕಗಳಿಂದ ಎರಡೆರಡು.

ಇನ್ನು ಘಟಕದ್ದೇ ಹನಿಗಳು. ತಣ್ಣೀರಿನಲ್ಲಿ ತೊಳೆದ ಬೇಳೆಯ ಮೈಯಿಂದ ಸಂಗ್ರಹಿಸಿದ ನೀರಿನಲ್ಲಿ ಕೆಲವೇ ಬೀಜಕಗಳು ಅರೆಬರೆ ಉಬ್ಬಿದ್ದವು. ಅದೇ ನೀರಿಗೆ ಘಟಕದ ಅಳತೆಯಲ್ಲಿ ವಿನೆಗರ್ ಸೇರಿಸಿದ ಹನಿಯಲ್ಲಿ ಒಂದೂ ಅಲುಗಲಿಲ್ಲ. ಹಳೆಯ ಕ್ರಮದಂತೆ ಹುಳಿ ಬರಿಸಿ ನೆನೆಸಿದ ಕಾಳನ್ನು ಬೇಯಿಸಿ ತೆಗೆದ ಕಟ್ಟಿನಲ್ಲಿ ಬೀಜಕಗಳು ಗ್ಲೂಕೋಸ್-ಪೆಪ್ಟೋನ್ ಹನಿಯಷ್ಟೇ ಹುರುಪಿನಿಂದ ಮೊಳೆತವು. ಆ ಕಟ್ಟೂ ಹುಳಿಯಾಗಿಯೇ ಇತ್ತು.

ಹಿರಿಯರನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಎರಡು ಹನಿಗಳನ್ನು ತೋರಿಸಿದೆವು. ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಹನಿಗಳು ಹೇಳಿದ್ದು

ಈ ಬೂಷ್ಟಿನ ಮೊಳಕೆ ಎರಡು ಹಂತದ್ದು. ಮೊದಲು ಉಬ್ಬುವುದು, ಅದಕ್ಕೆ ಗ್ಲೂಕೋಸಿನಂಥ ಹೊಂದುವ ಸಕ್ಕರೆ ಬೇಕು. ಆಮೇಲೆ ನಾಳ ಹೊರಡುವುದು, ಅದಕ್ಕೆ ಇಂಗಾಲ ಮತ್ತು ಸಾರಜನಕ ಎರಡೂ ಹೊರಗಿನಿಂದ ಸಿಗಬೇಕು. 1984ರ ಅಧ್ಯಯನವೇ ಇದನ್ನೂ ಹೇಳಿತ್ತು, ಮ್ಯಾಂಗನೀಸ್ ಉಬ್ಬುವಿಕೆಗೆ ನೆರವಾಗುತ್ತದೆ ಎಂಬುದನ್ನೂ ತೋರಿಸಿತ್ತು. ಅದರಿಂದ ಪಿಎಚ್ ಅಂಕಿಯೊಂದನ್ನೇ ಆರಿಸಿಕೊಂಡು ಆಹಾರದ ಮಾತನ್ನು ಬಿಟ್ಟದ್ದು ಈ ಪ್ರಕರಣದ ದೊಡ್ಡ ಎಡವಟ್ಟು.

ಸೋಯಾ ಕಾಳಿನಲ್ಲಿ ಸಕ್ಕರೆಗೇನು ಕೊರತೆ ಎಂಬ ಪ್ರಶ್ನೆ ಸಹಜ. ಕೊರತೆಯಿಲ್ಲ, ಆದರೆ ಅಲ್ಲಿರುವುದು ಮುಖ್ಯವಾಗಿ ಸುಕ್ರೋಸ್, ರಾಫಿನೋಸ್, ಸ್ಟಾಕಿಯೋಸ್. ಅಡುಗೆ ಸಕ್ಕರೆ ಎಂದರೂ ಸುಕ್ರೋಸೇ. ಸೊರೆನ್ಸನ್ ಮತ್ತು ಹೆಸಲ್ಟೈನ್ 1966ರಲ್ಲಿ ತೋರಿಸಿದಂತೆ, ಈ ಮೂರರಲ್ಲಿ ಯಾವುದೊಂದನ್ನೂ ಏಕೈಕ ಇಂಗಾಲದ ಮೂಲವಾಗಿ ಕೊಟ್ಟರೆ ರೈಜೋಪಸ್ ಆಲಿಗೊಸ್ಪೋರಸ್ ಬಳಸಿಕೊಳ್ಳಲಾರದು. ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್, ಮಾಲ್ಟೋಸ್ ಕೊಟ್ಟರೆ ಸೊಂಪಾಗಿ ಬೆಳೆಯುತ್ತದೆ. ಸಾರಜನಕಕ್ಕೆ ಅಮೋನಿಯಂ ಲವಣಗಳೂ ಪ್ರೋಲಿನ್, ಗ್ಲೈಸಿನ್, ಲ್ಯೂಸಿನ್‌ನಂಥ ಅಮೈನೋ ಆಮ್ಲಗಳೂ ಒಗ್ಗುತ್ತವೆ, ನೈಟ್ರೇಟ್ ಒಗ್ಗುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಕಾಳು ನೆನೆಯುವಾಗ ಬ್ಯಾಕ್ಟೀರಿಯಾಗಳು ಆ ದೊಡ್ಡ ಸಕ್ಕರೆಗಳನ್ನು ಮುರಿಯುತ್ತವೆ, ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್ ಬಿಡುಗಡೆಯಾಗುತ್ತವೆ, ಜೊತೆಗೆ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಹಾಗಾಗಿ ಕೊಳಕೆಂದು ಕಂಡ ನೊರೆನೀರು ಎರಡು ಕೆಲಸ ಮಾಡುತ್ತಿತ್ತು, ಕಾಳಿಗೆ ಹುಳಿ ಕೊಡುತ್ತಿತ್ತು ಮತ್ತು ಬೀಜಕಕ್ಕೆ ತಿನ್ನಲಾಗುವ ಸಕ್ಕರೆಯನ್ನು ಸಿದ್ಧಪಡಿಸುತ್ತಿತ್ತು. ಶೀತಲ ಕೋಣೆ ಎರಡನ್ನೂ ನಿಲ್ಲಿಸಿತು. ವಿನೆಗರ್ ಬಂದದ್ದು ಮೊದಲನೆಯದರ ಜಾಗಕ್ಕೆ ಮಾತ್ರ. ಅಳಿದುಳಿದ ಸಕ್ಕರೆ, ಅಮೈನೋ ಆಮ್ಲ, ಖನಿಜಗಳನ್ನು ಚೆಲ್ಲಿದ ಕಟ್ಟು ಮತ್ತು ತಣ್ಣೀರು ಕೊಂಡೊಯ್ದವು. ಸಿಪ್ಪೆಯಿಲ್ಲದ ಇಬ್ಭಾಗದ ಬೇಳೆಯಿಂದ ಇವೆಲ್ಲ ಇಡೀ ಕಾಳಿಗಿಂತ ಬೇಗ ಸೋರುತ್ತವೆ.

ಬೇಳೆಯೊಳಗೆ ಪ್ರೋಟೀನ್ ತುಂಬಿ ತುಳುಕುತ್ತಿದೆ, ನಿಜ. ಆದರೆ ಮೊಳೆಯದ ಬೀಜಕ ಪ್ರೋಟೀನನ್ನು ಕರಗಿಸುವ ಕಿಣ್ವಗಳನ್ನು ಹೊರಬಿಡುವುದು ಹೇಗೆ? ಆ ಸಾಮರ್ಥ್ಯ ಬರುವುದು ಎಳೆ ಬಂದ ಮೇಲೆ. ಅಲ್ಲಿಯವರೆಗೆ ಅದು ಬೇಳೆಯ ಮೈಮೇಲಿನ ತೆಳು ನೀರಿನ ಪದರದಲ್ಲಿ ಕರಗಿರುವುದನ್ನೇ ನಂಬಿಕೊಂಡಿರಬೇಕು. ಕಾಳಿನ ಪೌಷ್ಟಿಕಾಂಶದ ಪಟ್ಟಿ ನೋಡಿ ಬೀಜಕಕ್ಕೆ ಊಟವಿದೆ ಎಂದುಕೊಳ್ಳುವವರು ಗಮನಿಸಬೇಕಾದದ್ದು ಈ ಪದರವನ್ನು.

ಪ್ರಯೋಗಾಲಯದ ವರದಿ ಏಕೆ ದಾರಿ ತಪ್ಪಿಸಿತು ಎಂಬುದೂ ಈಗ ಸ್ಪಷ್ಟ. ಮಾಲ್ಟ್ ಸಾರದಲ್ಲಿ ಮಾಲ್ಟೋಸ್, ಗ್ಲೂಕೋಸ್, ಅಮೈನೋ ಆಮ್ಲಗಳು ಎಲ್ಲವೂ ಇರುತ್ತವೆ. ಅಂಥ ತಟ್ಟೆಯಲ್ಲಿ ಬೀಜಕ ಮೊಳೆಯದಿದ್ದರೆ ಮಾತ್ರ ಆಶ್ಚರ್ಯ. ವರದಿ ಸುಳ್ಳಾಗಿರಲಿಲ್ಲ, ಅದು ಉತ್ತರಿಸಿದ್ದು ಬೇರೆ ಪ್ರಶ್ನೆಗೆ.

ಆಮ್ಲದ ಮಾತಿಗೆ ಬಂದರೆ, ಪಿಎಚ್ ಒಂದೇ ಇದ್ದರೂ ಎಲ್ಲ ಆಮ್ಲಗಳ ಪರಿಣಾಮ ಒಂದೇ ಅಲ್ಲ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ವಿಭಜನೆಯಾಗದ ರೂಪದಲ್ಲಿದ್ದಾಗ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟಿ ಒಳಗನ್ನು ಹುಳಿಯಾಗಿಸುತ್ತದೆ. ಅದರ ಪಿಕೆಎ (ಆಮ್ಲದ ಅರ್ಧ ಭಾಗ ವಿಭಜನೆಯಾಗಿರುವ ಪಿಎಚ್) 4.76, ಲ್ಯಾಕ್ಟಿಕ್ ಆಮ್ಲದ್ದು 3.86. ಲೆಕ್ಕ ಹಾಕಿದರೆ 4.0 ಪಿಎಚ್‌ನಲ್ಲಿ ಅಸಿಟಿಕ್ ಆಮ್ಲದ ಸುಮಾರು ಶೇ 85 ಭಾಗ ಈ ಅಪಾಯಕಾರಿ ರೂಪದಲ್ಲಿರುತ್ತದೆ. 4.5 ಪಿಎಚ್‌ನಲ್ಲಿ ಅದು ಸುಮಾರು ಶೇ 65, ಲ್ಯಾಕ್ಟಿಕ್ ಆಮ್ಲದಲ್ಲಾದರೆ ಶೇ 20ಕ್ಕಿಂತ ಕಡಿಮೆ. ಪಿಎಚ್ ಇಳಿಸಿದಷ್ಟೂ ವಿನೆಗರ್ ಬೀಜಕದ ಕತ್ತು ಹಿಸುಕಿತು. ಅದೇ ಮಟ್ಟದ ಹುಳಿ ಲ್ಯಾಕ್ಟಿಕ್ ಆಮ್ಲದಿಂದ ಬಂದಿದ್ದರೆ ಬೀಜಕಕ್ಕೆ ಅಷ್ಟು ತೊಂದರೆಯಿರಲಿಲ್ಲ.

ಆಯ್ಕೆಗಳು, ನಿರ್ಧಾರ

ಒಡತಿಯ ಒಲವು ಸುಲಭದ ದಾರಿಯ ಕಡೆಗಿತ್ತು: ಇರುವ ಕ್ರಮವನ್ನೇ ಇಟ್ಟುಕೊಂಡು ಬೇಳೆಗೆ ಗ್ಲೂಕೋಸ್ ಬೆರೆಸುವುದು, ವಿನೆಗರ್ ತಗ್ಗಿಸುವುದು. ಮಾಡಿ ನೋಡಿದೆವು. ಬಿಳಿ ಬೇಗ ಕಾಣಿಸಿತು, ಆದರೆ ಹಲಗೆ ಸಮನಾಗಿ ಕೂಡಲಿಲ್ಲ, ಕೆಲವು ಪೊಟ್ಟಣಗಳಲ್ಲಿ ಲೋಳೆ ಮರಳಿತು. ಗ್ಲೂಕೋಸ್ ಬೂಷ್ಟಿಗೆ ಮಾತ್ರ ಮೀಸಲಾದ ಆಹಾರವಲ್ಲ. ಹುಳಿ ಕಡಿಮೆ ಮಾಡಿ ಸಕ್ಕರೆ ಹೆಚ್ಚಿಸಿದರೆ ಬ್ಯಾಕ್ಟೀರಿಯಾಕ್ಕೂ ಹಬ್ಬವೇ.

ಯಾವ ಕಾರಣದ ಪಾಲು ಎಷ್ಟು ಎಂದು ತಿಳಿಯಲು ಇನ್ನೆರಡು ಬಗೆ ಮಾಡಿದೆವು. ಹುಳಿ ಬರಿಸಿ ನೆನೆಸಿದ ಕಾಳಿಗೆ ಬೇಕೆಂದೇ ವಿನೆಗರ್ ಹಾಕಿದಾಗ ಬೆಳವಣಿಗೆ ಗಂಟೆಗಟ್ಟಲೆ ಹಿಂದೆ ಬಿತ್ತು. ಶೀತಲ ಕೋಣೆಯಲ್ಲೇ ನೆನೆಸಿ, ತೊಳೆಯದೆ, ಲ್ಯಾಕ್ಟಿಕ್ ಆಮ್ಲ ಹಾಕಿದ ಬೇಳೆಯಲ್ಲಿ ಟೆಂಪೆ ತಡವಾಗಿಯಾದರೂ ಬಂತು. ಹಸಿವು, ವಿನೆಗರ್ ಎರಡೂ ಹೊಣೆ. ಒಂದಿದ್ದರೆ ಬೂಷ್ಟು ಹೇಗೋ ನಿಭಾಯಿಸುತ್ತದೆ, ಎರಡೂ ಸೇರಿದರೆ ಇಲ್ಲ.

ಕೊನೆಗೆ ಹುಳಿ ನೆನೆಕೆಗೇ ಮರಳುವುದೆಂದು ತೀರ್ಮಾನವಾಯಿತು, ಆದರೆ ಹಿಡಿತವಿಟ್ಟುಕೊಂಡು. ಸುಮಾರು 30 ಡಿಗ್ರಿಯಲ್ಲಿ ನೆನೆಸುವುದು, ಹಿಂದಿನ ದಿನದ ಒಳ್ಳೆಯ ನೆನೆನೀರನ್ನು ಸ್ವಲ್ಪ ಸೇರಿಸುವುದು, ಪಿಎಚ್ 4.5ಕ್ಕಿಂತ ಕೆಳಗಿಳಿಯದೆ ಮುಂದಿನ ಹಂತಕ್ಕೆ ಹೋಗದಿರುವುದು. ಬೇಯಿಸಲು ಮುಳುಗುವಷ್ಟೇ ನೀರು. ಬಸಿದ ಮೇಲೆ ತೊಳೆಯುವಂತಿಲ್ಲ. ತೆಳುವಾಗಿ ಹರಡಿ ಫ್ಯಾನ್ ಗಾಳಿಯಲ್ಲಿ ಮೈನೀರು ಆರಿಸಬೇಕು. ವಿನೆಗರ್ ಪೂರ್ತಿ ನಿಂತಿತು. ಹುಳಿಯನ್ನೇ ಕೈಬಿಡುವ ಮಾತಿಗೆ ನಾನು ಒಪ್ಪಲಿಲ್ಲ. ಬೇಡದ ಬ್ಯಾಕ್ಟೀರಿಯಾಗಳನ್ನು ಮೊದಲ ಗಂಟೆಗಳಲ್ಲಿ ತಡೆಹಿಡಿಯುವುದು ಅದೇ, ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು.

ಹಿರಿಯರು ಒಂದು ಸೂಚನೆ ಕೊಟ್ಟರು. ಹೆಪ್ಪಿನ ಪುಡಿಯನ್ನು ನೇರವಾಗಿ ಉದುರಿಸುವ ಬದಲು, ತಣಿದ ಕಟ್ಟಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟು ಬೆರೆಸಿದರೆ ಹೇಗೆ ಎಂದರು. ಚೆನ್ನಾಗಿ ಕೆಲಸ ಮಾಡಿತು, ಬೀಜಕಗಳು ಮೊದಲೇ ನೀರು ಹೀರಿ ತಯಾರಾಗಿರುತ್ತವೆ. ಆದರೆ ಕದಡಿದ್ದನ್ನು ಗಂಟೆಗಟ್ಟಲೆ ಇಡಬಾರದು. ಉಬ್ಬಿದ ಬೀಜಕ ಒಣ ಬೀಜಕದಷ್ಟು ಗಟ್ಟಿ ಜೀವವಲ್ಲ, ನಾಳ ಹೊರಟ ಮೇಲೆ ಬೆರೆಸಿದರೆ ಅದು ಮುರಿಯುತ್ತದೆ.

ಫಲಿತಾಂಶ ಮತ್ತು ಉಳಿದ ಕೆಲಸ

ಪೊಟ್ಟಣಗಳು ಮತ್ತೆ ಒಂದೂಕಾಲು ದಿನದೊಳಗೆ ಕೂಡತೊಡಗಿದವು. ಹೆಪ್ಪಿನ ಪ್ರಮಾಣವನ್ನು ಮೊದಲಿನ ಮಟ್ಟಕ್ಕೆ ಇಳಿಸಿದರು, ಕಾವುಕೋಣೆಯೂ ಹಳೆಯ ಉಷ್ಣತೆಗೆ ಮರಳಿತು. ನಡುವೆ ಒಮ್ಮೆ ಕೆಟ್ಟ ವಾಸನೆಯ ನೆನೆನೀರನ್ನೇ ಮುಂದಿನ ದಿನಕ್ಕೆ ದಾಟಿಸಿ ಎರಡು ಹೊರೆ ಕಾಳು ಹಾಳಾಯಿತು. ಪಿಎಚ್ ಇಳಿದಿಲ್ಲದಿದ್ದರೆ ಆ ನೀರನ್ನು ಮುಂದಕ್ಕೆ ಬಳಸುವಂತಿಲ್ಲ ಎಂಬ ನಿಯಮ ಅಂದಿನಿಂದ ಕಟ್ಟುನಿಟ್ಟಾಯಿತು. ನೋಡಲು ಬರುವವರಿಗೆ ಈಗ ನೊರೆಯ ಪಕ್ಕದಲ್ಲೇ ದಿನದಿನದ ಪಿಎಚ್ ಪಟ್ಟಿಯನ್ನು ತೋರಿಸುತ್ತಾರೆ.

ಹೆಪ್ಪಿನ ಪ್ರತಿ ಹೊಸ ಕಂತನ್ನು ಘಟಕದವರು ತಮ್ಮದೇ ಕಟ್ಟಿನ ಹನಿಯಲ್ಲಿ ಪರೀಕ್ಷಿಸುತ್ತಾರೆ. ಅಗಾರ್ ತಟ್ಟೆಯ ವರದಿ ಎಷ್ಟು ಬದುಕಿವೆ ಎಂದು ಹೇಳಿದರೆ, ಈ ಹನಿ ಎಷ್ಟು ಮೊಳೆಯುತ್ತವೆ ಎಂದು ಹೇಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಸಾಧಾರಣ ಸೂಕ್ಷ್ಮದರ್ಶಕ ಮತ್ತು ಅರ್ಧ ದಿನದ ತಾಳ್ಮೆ.

ಸೋಯಾ ಬಿಟ್ಟು ಬೇರೆ ಕಾಳಿನಿಂದಲೂ ಟೆಂಪೆ ಮಾಡುವ ಯೋಜನೆ ಒಡತಿಗಿದೆ. ಇದೇ ವೇಳಾಪಟ್ಟಿ ನಡೆಯುತ್ತದೆಯೇ ಎಂದು ಕೇಳಿದರು. ಕಾಳು ಬದಲಾದರೆ ಕಟ್ಟಿನಲ್ಲಿರುವ ಸಕ್ಕರೆಯೂ ಅಮೈನೋ ಆಮ್ಲಗಳೂ ಬದಲಾಗುತ್ತವೆ, ಆದ್ದರಿಂದ ಒಂದು ಹಿಡಿ ಕಾಳನ್ನು ನೆನೆಸಿ, ಬೇಯಿಸಿ, ಅದರ ಕಟ್ಟಿನ ಹನಿಯಲ್ಲಿ ಬೀಜಕಗಳನ್ನು ಇಟ್ಟು ನೋಡಿ ಎಂದೆ. ಉಬ್ಬದಿದ್ದರೆ ನೆನೆಸುವ ಕ್ರಮವನ್ನು ತಿದ್ದಬೇಕು, ಉಬ್ಬಿಯೂ ನಾಳ ಬಾರದಿದ್ದರೆ ಸಾರಜನಕದ ಕಡೆ ನೋಡಬೇಕು. ಎರಡೂ ಸರಿಯಿದ್ದರೆ ಮಾತ್ರ ದೊಡ್ಡ ಪಾತ್ರೆ ಒಲೆಗೇರಲಿ.